ಕಾಂದಿವಲಿಯ ಚಿರತೆಗೂ ನಮ್ಮ ಕಸದ ತೊಟ್ಟಿಗೂ ಏನು ನಂಟು?



ಕಾಂದಿವಲಿ ಪೂರ್ವದ ಠಾಕೂರ್ ವಿಲೇಜ್, ಲೋಖಂಡವಾಲಾ, ದಾಮು ನಗರದ ಕಡೆ ನಿಮ್ಮ ಮನೆಯಿದ್ದರೆ "ರಾತ್ರಿ ಬಿಬಟ್ಯಾ ಬಂದಿತ್ತಂತೆ" ಎಂಬ ಮಾತು ಹೊಸದೇನಲ್ಲ. ಬೆನ್ನ ಹಿಂದೆಯೇ ಸುಮಾರು 104 ಚದರ ಕಿಲೋಮೀಟರಿನ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನವಿದೆ. ಅಲ್ಲಿ ಜಿಂಕೆ, ಕಡವೆ, ಮಂಗ ಎಲ್ಲವೂ ಇವೆ. ಹಾಗಿದ್ದರೂ ಚಿರತೆ ನಮ್ಮ ಗೇಟಿನವರೆಗೆ ಬರುವುದೇಕೆ?

ಬೀದಿನಾಯಿಗಾಗಿ! ಹುಲಿಗೆ ದೊಡ್ಡ ಬೇಟೆಯೇ ಬೇಕು. ಚಿರತೆ ಹಾಗಲ್ಲ, ಇಲಿಯಿಂದ ಕಡವೆಯವರೆಗೆ ಸಿಕ್ಕಿದ್ದನ್ನು ತಿಂದು ಬದುಕುತ್ತದೆ. ಜಿಂಕೆ ಸದಾ ಕಿವಿ ನಿಮಿರಿಸಿಕೊಂಡೇ ಇರುತ್ತದೆ. ಕಸದ ತೊಟ್ಟಿಯ ಪಕ್ಕ ಹೊಟ್ಟೆ ತುಂಬಿ ಮಲಗಿದ ನಾಯಿ ಸುಲಭದ ತುತ್ತು. ಉದ್ಯಾನದ ಚಿರತೆಗಳ ಹಿಕ್ಕೆ ಪರೀಕ್ಷಿಸಿದ 2015ರ ಅಧ್ಯಯನದ ಪ್ರಕಾರ ಅವುಗಳ ಆಹಾರದಲ್ಲಿ ಸುಮಾರು ಕಾಲು ಭಾಗ ನಾಯಿ. ಇವು ವರ್ಷಕ್ಕೆ ಸುಮಾರು 1,500 ನಾಯಿಗಳನ್ನು ತಿನ್ನುತ್ತವೆ, ಇದರಿಂದ ನಾಯಿಕಡಿತವೂ ತಗ್ಗುತ್ತದೆ ಎಂದು 2018ರಲ್ಲಿ ಸಂಶೋಧಕರು ಅಂದಾಜು ಮಾಡಿದರು.

ಹಾಗೆಂದು ಭಯವೇ ಬೇಡವೆಂದಲ್ಲ. 2004ರಲ್ಲಿ ಉದ್ಯಾನದ ಸುತ್ತ ಚಿರತೆ ದಾಳಿಗೆ ಹಲವರು ಬಲಿಯಾದರು. ಆ ಕಾಲದಲ್ಲಿ ಬೇರೆಡೆ ಹಿಡಿದ ಚಿರತೆಗಳನ್ನೂ ಇಲ್ಲಿ ತಂದು ಬಿಡಲಾಗುತ್ತಿತ್ತು. ಪುಣೆ ಜಿಲ್ಲೆಯ ಜುನ್ನರ್‌ನಲ್ಲಿ ಅಧ್ಯಯನ ಮಾಡಿದ ವಿದ್ಯಾ ಅತ್ರೇಯ ಅವರು ಕಂಡದ್ದೂ ಇದನ್ನೇ: ಹಿಡಿದು ದೂರ ಬಿಟ್ಟರೆ ದಾಳಿ ಕಡಿಮೆಯಾಗುವುದಿಲ್ಲ, ಬಿಟ್ಟ ಜಾಗದಲ್ಲಿ ಹೆಚ್ಚುತ್ತದೆ. ಪರಿಚಯವಿಲ್ಲದ ನೆಲದಲ್ಲಿ ಪ್ರಾಣಿ ಕಂಗೆಡುತ್ತದೆ. ಖಾಲಿಯಾದ ಜಾಗಕ್ಕೆ ಇನ್ನೊಂದು ಚಿರತೆ ಬಂದೇ ಬರುತ್ತದೆ. 2011ರಲ್ಲಿ ಅರಣ್ಯ ಇಲಾಖೆ 'ಮುಂಬೈಕರ್ಸ್ ಫಾರ್ ಎಸ್‌ಜಿಎನ್‌ಪಿ' ಎಂಬ ಯೋಜನೆಯ ಮೂಲಕ ಈ ತಿಳಿವಳಿಕೆಯನ್ನು ಜನರ ಬಳಿಗೆ ಒಯ್ದಿತು.

ಹಾಗಾದರೆ ನೀವು ಮಾಡಬೇಕಾದದ್ದೇನು? ಸೊಸೈಟಿಯ ಕಸ ಹೊರಗೆ ಚೆಲ್ಲದಂತೆ ನೋಡಿಕೊಳ್ಳಿ. ಕಸವಿದ್ದಲ್ಲಿ ನಾಯಿ, ನಾಯಿಯಿದ್ದಲ್ಲಿ ಚಿರತೆ. ಕತ್ತಲಾದ ಮೇಲೆ ಮಕ್ಕಳನ್ನು ಒಂಟಿಯಾಗಿ ಹೊರಗೆ ಬಿಡಬೇಡಿ. ಕತ್ತಲಲ್ಲಿ ಬಯಲಿಗೆ ಹೋಗಿ ಕುಕ್ಕರಗಾಲಲ್ಲಿ ಕೂತವರು ಚಿರತೆಯ ಕಣ್ಣಿಗೆ ಸಣ್ಣ ಪ್ರಾಣಿಯಂತೆ ಕಾಣುತ್ತಾರೆ. ಆದ್ದರಿಂದ ಉದ್ಯಾನದಂಚಿನ ಬಸ್ತಿಗಳಿಗೆ ಶೌಚಾಲಯ ಮತ್ತು ಬೀದಿದೀಪ ಬೇಕೆಂದು ನೀವೂ ದನಿಗೂಡಿಸಿ. ಚಿರತೆ ಕಂಡರೆ ಸುತ್ತುವರಿಯಬೇಡಿ, ಕಲ್ಲು ಹೊಡೆಯಬೇಡಿ. ದಾರಿ ಬಿಟ್ಟು, ಅರಣ್ಯ ಇಲಾಖೆಯ ಸಹಾಯವಾಣಿ 1926ಕ್ಕೆ ಫೋನ್ ಮಾಡಿ.

ಊರಿನಲ್ಲಿ ಪಿಲಿಚಾಮುಂಡಿಗೆ ಕೈಮುಗಿದು ಬಂದವರು ನಮ್ಮಲ್ಲಿ ಎಷ್ಟೋ ಮಂದಿ. ಇಲ್ಲಿನ ವಾರ್ಲಿ ಜನ ವಾಘೋಬಾನಿಗೆ ಕೈಮುಗಿಯುತ್ತಾರೆ. ಕೈಮುಗಿಯೋಣ, ಜೊತೆಗೆ ಇಂದು ರಾತ್ರಿ ತೊಟ್ಟಿಯ ಮುಚ್ಚಳವನ್ನೂ ಮುಚ್ಚೋಣ.