ಕ್ಯಾಮೆರಾ ಕೊಳ್ಳುವ ಮುನ್ನ: ನಾಲ್ಕು ತಾಲ್ಲೂಕುಗಳಲ್ಲಿ ನಾವು ಕಂಡದ್ದು



ಕಳೆದ ಕೆಲವು ತಿಂಗಳುಗಳಿಂದ ನಮ್ಮ ಸಂಘದ ಸದಸ್ಯರಲ್ಲಿ ಹಲವರು, ಮುಖ್ಯವಾಗಿ ಅವರ ಮನೆಯ ಯುವಕ ಯುವತಿಯರು, ಒಂದೇ ಪ್ರಶ್ನೆಯನ್ನು ಕೇಳುತ್ತಿದ್ದಾರೆ. ತೋಟದ ಕೆಲಸಗಳನ್ನು ವಿಡಿಯೋ ಮಾಡಿ ಯೂಟ್ಯೂಬಿಗೆ ಹಾಕಬೇಕೆಂದಿದ್ದೇವೆ, ಯಾವ ಕ್ಯಾಮೆರಾ ಕೊಳ್ಳಬೇಕು ಎಂಬುದೇ ಆ ಪ್ರಶ್ನೆ. ಎರಡು ಎಕರೆ ಅಡಿಕೆ ತೋಟವಿರುವ ಸದಸ್ಯರೊಬ್ಬರು ಕಚೇರಿಗೇ ಬಂದು, ಗೊಬ್ಬರಕ್ಕೆಂದು ತೆಗೆದಿಟ್ಟ ಹಣವನ್ನು ಕ್ಯಾಮೆರಾಕ್ಕೆ ಕೊಡಬೇಕೆಂದು ಮಗ ಹಟ ಹಿಡಿದಿದ್ದಾನೆ, "ನೀವೇ ಒಂದು ಮಾತು ಹೇಳಿ ಸ್ವಾಮಿ" ಎಂದರು. ತಿಳಿಯದೆ ಮಾತು ಹೇಳುವುದು ತರವಲ್ಲವೆಂದು ನಾವು ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ ಮತ್ತು ಶಿಡ್ಲಘಟ್ಟ ತಾಲ್ಲೂಕುಗಳನ್ನು ಸುತ್ತಿ, ತಮ್ಮ ಬೆಳೆಯನ್ನು ತಾವೇ ಚಿತ್ರಿಸುತ್ತಿರುವ ಕೆಲವು ರೈತರನ್ನು ಕಂಡು ಬಂದೆವು.

ಅದು ವರ್ಷವಿಡೀ ಹರಿಯುವ ನದಿಯಿಲ್ಲದ, ಕೊಳವೆ ಬಾವಿಯನ್ನೇ ನಂಬಿದ ಸೀಮೆ. ಅವರ ಬೆಳೆ ರೇಷ್ಮೆ, ದ್ರಾಕ್ಷಿ, ಹೂವು, ಟೊಮೆಟೊ. ನಮ್ಮ ಬೆಳೆ ಬೇರೆಯಾದರೂ ಸಣ್ಣ ಹಿಡುವಳಿ, ಕೂಲಿಯ ಅಭಾವ, ಧಾರಣೆಯ ಏರಿಳಿತ ಇವು ಎರಡು ಕಡೆಯೂ ಒಂದೇ. ಅಲ್ಲಿ ಕಲಿತದ್ದು ನಮಗೂ ಸಲ್ಲುತ್ತದೆ.

ರೈತ ರೈತನಿಗೆ ಹೇಳಿದರೆ

ಚಿತ್ರದ ಮೂಲಕ ಕೃಷಿ ಕಲಿಸುವುದು ಹೊಸ ಸಂಗತಿಯೇನಲ್ಲ. ದೂರದರ್ಶನದ 'ಕೃಷಿ ದರ್ಶನ' ಆರಂಭವಾದದ್ದು 1967ರ ಜನವರಿ 26ರಂದು. ಆದರೆ ಅಲ್ಲಿ ಮಾತನಾಡುವವರು ಬಹುಮಟ್ಟಿಗೆ ತಜ್ಞರು, ಕೇಳುವವರು ರೈತರು. 2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್ ಸಂಸ್ಥೆಯಲ್ಲಿ ರಿಕಿನ್ ಗಾಂಧಿ ಎಂಬುವರು ಗ್ರೀನ್ ಫೌಂಡೇಷನ್ ಜೊತೆಗೂಡಿ ಇದನ್ನು ತಿರುವು ಮಾಡಿ ನೋಡಿದರು. ಊರಿನ ರೈತನೇ ತನ್ನ ಹೊಲದಲ್ಲಿ ನಿಂತು ಮಾಡಿ ತೋರಿಸುವುದು, ಅದನ್ನು ಸಣ್ಣ ಕ್ಯಾಮೆರಾದಲ್ಲಿ ಹಿಡಿದು ಊರವರಿಗೆ ಟಿ.ವಿ.ಯಲ್ಲಿ ತೋರಿಸುವುದು, ಇಷ್ಟೇ ಆ ಯೋಜನೆ. ಅದರ ಹೆಸರು ಡಿಜಿಟಲ್ ಗ್ರೀನ್. ಹದಿನಾರು ಹಳ್ಳಿಗಳಲ್ಲಿ 13 ತಿಂಗಳು ನಡೆಸಿದ ಪ್ರಯೋಗದಲ್ಲಿ, ವಾಡಿಕೆಯ ವಿಸ್ತರಣಾ ಪದ್ಧತಿಗಿಂತ ಏಳು ಪಟ್ಟು ಹೆಚ್ಚು ಮಂದಿ ಹೊಸ ಪದ್ಧತಿಗಳನ್ನು ಅನುಸರಿಸಿದರೆಂದು ವರದಿಯಾಯಿತು.

ಆಗ ನೋಡುಗರು ಮೊದಲು ಕೇಳುತ್ತಿದ್ದ ಪ್ರಶ್ನೆ ಯಾವುದು ಗೊತ್ತೆ? "ಈತನ ಹೆಸರೇನು, ಯಾವ ಊರು?" ಎಂಬುದು. ಚಿತ್ರ ಎಷ್ಟು ಸುಂದರವಾಗಿದೆ ಎಂದು ಯಾರೂ ಕೇಳಲಿಲ್ಲ. ಕ್ಯಾಮೆರಾ ಕೊಳ್ಳಹೊರಟವರು ಇದನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು.

ಶಿಡ್ಲಘಟ್ಟದ ಒಂದು ಮನೆ

ಶಿಡ್ಲಘಟ್ಟವೆಂದರೆ ರೇಷ್ಮೆಗೂಡಿನ ಮಾರುಕಟ್ಟೆ. ಆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ ಹುಳು ಸಾಕುವ ಮನೆಯವರು ನಮಗೆ ಹೇಳಿದ ಸಂಗತಿಯನ್ನು ಇಲ್ಲಿ ಹೇಳಲೇಬೇಕು. ಹಿಪ್ಪುನೇರಳೆಗೆ ಔಷಧ ಹೊಡೆಯುವ ಕ್ರಮವನ್ನು ಅವರು ಒಂದು ವಿಡಿಯೋ ನೋಡಿ ಕಲಿತರು. ಮಾಡಿದವನು ಪಕ್ಕದ ಊರಿನ ಹುಡುಗನೇ. ಒಳ್ಳೆಯ ಬೆಲೆಬಾಳುವ ಕ್ಯಾಮೆರಾ, ಚಿತ್ರ ಕನ್ನಡಿಯಂತೆ ಸ್ವಚ್ಛ. ಆದರೆ ಕ್ಯಾಮೆರಾ ಇದ್ದದ್ದು ಮಾತನಾಡುವವನಿಂದ ಹತ್ತು ಹೆಜ್ಜೆ ದೂರದಲ್ಲಿ, ಮಾತು ಹಿಡಿದದ್ದು ಕ್ಯಾಮೆರಾದೊಳಗಿನ ಮೈಕು. ಔಷಧ ಹೊಡೆದ ಮೇಲೆ ಎಷ್ಟು ದಿನ ಹುಳುವಿಗೆ ಆ ಸೊಪ್ಪು ಕೊಡಬಾರದು ಎಂದು ಹೇಳುವ ಹೊತ್ತಿಗೆ ಗಾಳಿ ಬೀಸಿತ್ತು. ಆ ಒಂದು ಮಾತು ಗಾಳಿಯ ಸದ್ದಿನಲ್ಲಿ ಮುಳುಗಿಹೋಯಿತು.

ಮನೆಯವರು ನಾಲ್ಕು ದಿನ ಬಿಟ್ಟು ಸೊಪ್ಪು ಕೊಯ್ದರು. ನಾಲ್ಕನೇ ಜ್ವರ ಎದ್ದು, ಇನ್ನೇನು ವಾರದಲ್ಲಿ ಚಂದ್ರಿಕೆಗೆ ಬಿಡಬೇಕಾಗಿದ್ದ ನೂರೈವತ್ತು ಮೊಟ್ಟೆಯ ಹುಳುವನ್ನು ಎರಡೇ ದಿನದಲ್ಲಿ ಗುಂಡಿಗೆ ಹಾಕಬೇಕಾಯಿತು. ಆ ಮನೆಯ ತಾಯಿ ನಮಗೆ ಹೇಳಿದ್ದು ಇಷ್ಟೇ: "ಬೊಂಬೆ ಸೊಗಸಾಗಿತ್ತು ಸಾರ್, ಮಾತೇ ಕೇಳ್ಲಿಲ್ಲ."

ಆ ಹುಡುಗ ವಿಡಿಯೋ ತೆಗೆದುಹಾಕಿ, ಮನೆಗೆ ಬಂದು ತಪ್ಪಾಯಿತೆಂದು ಹೇಳಿ ಹೋದನಂತೆ. ಅವನನ್ನೂ ನಾವು ಕಂಡೆವು. ಈಗ ಅವನು ಕೊರಳಪಟ್ಟಿಗೆ ಸಿಕ್ಕಿಸುವ ಸಣ್ಣ ಮೈಕಿಲ್ಲದೆ ಹೊಲಕ್ಕೆ ಇಳಿಯುವುದಿಲ್ಲ. ಅಳತೆ, ದಿನ, ಪ್ರಮಾಣ ಯಾವುದೇ ಅಂಕಿ ಬಂದರೂ ಬಾಯಲ್ಲಿ ಎರಡು ಬಾರಿ ಹೇಳಿಸಿ, ಪರದೆಯ ಮೇಲೂ ದಪ್ಪಕ್ಷರದಲ್ಲಿ ಬರೆಯುತ್ತಾನೆ. ಆದುದರಿಂದ ನಮ್ಮ ಮೊದಲ ಸಲಹೆ ಇದು: ಮೊದಲ ಹಣ ಮೈಕಿಗೆ, ಕ್ಯಾಮೆರಾಕ್ಕಲ್ಲ.

ಗೌರಿಬಿದನೂರಿನ ಪಾಠ

ಗೌರಿಬಿದನೂರಿನ ಬಳಿ 1976ರಿಂದ ಒಂದು ರೇಡಿಯೋ ದೂರದರ್ಶಕ ಕೇಂದ್ರವಿದೆ. ಭಾರತೀಯ ಖಭೌತ ಸಂಸ್ಥೆ ಮತ್ತು ರಾಮನ್ ಸಂಶೋಧನಾ ಸಂಸ್ಥೆ ಕೂಡಿ ಸ್ಥಾಪಿಸಿದ್ದು. 'ಟಿ' ಅಕ್ಷರದ ಆಕಾರದಲ್ಲಿ ಸಾವಿರ ಆಂಟೆನಾಗಳನ್ನು ನೆಟ್ಟು, ಆಕಾಶದಿಂದ ಬರುವ ಅತಿ ಕ್ಷೀಣ ಅಲೆಗಳನ್ನು ಹಿಡಿಯುವ ಏರ್ಪಾಡು ಅದು. ಇಂಥ ಕೇಂದ್ರಕ್ಕೆ ಪೇಟೆಯ ಗದ್ದಲವಿಲ್ಲದ ಜಾಗವೇ ಬೇಕು. ಬೇಕಾದ ಸದ್ದು ಸಣ್ಣದು, ಬೇಡದ ಸದ್ದು ದೊಡ್ಡದು; ದೊಡ್ಡದನ್ನು ದೂರವಿಡದೆ ಸಣ್ಣದು ಸಿಕ್ಕದು. ಮೈಕಿನ ವಿಷಯದಲ್ಲೂ ನಿಯಮ ಇದೇ.

ಮೈಕು ಬಾಯಿಗೆ ಹತ್ತಿರವಿದ್ದಷ್ಟೂ ಸುತ್ತಲ ಸದ್ದು ತಗ್ಗುತ್ತದೆ. ಗದ್ದದಿಂದ ಒಂದು ಗೇಣು ಕೆಳಗೆ ಸಿಕ್ಕಿಸಿದರೆ ಸಾಕು. ಅದರ ಮೇಲೆ ಸ್ಪಂಜಿನ ಟೋಪಿ ಇರಲಿ. ಗಾಳಿ ಜೋರಾದರೆ ತುಪ್ಪಳದ ಟೋಪಿ. ಪಂಪ್‌ಸೆಟ್ ನಿಲ್ಲಿಸಿಯೇ ಮಾತನಾಡಿ. ತಂತಿಯಿರುವ ಮೈಕು ಅಗ್ಗ, ನಂಬಿಕೆಗೂ ಅರ್ಹ. ಕೊಳ್ಳುವಾಗ ಪಿನ್ನನ್ನು ನೋಡಿ: ಮೂರು ಕಪ್ಪು ಉಂಗುರಗಳಿದ್ದರೆ ಫೋನಿಗೆ, ಎರಡಿದ್ದರೆ ಸಾಮಾನ್ಯವಾಗಿ ಕ್ಯಾಮೆರಾಕ್ಕೆ. ಇದು ತಿಳಿಯದೆ ತಂದು, ಧ್ವನಿಯೇ ಬರುತ್ತಿಲ್ಲವೆಂದು ಎಸೆದವರನ್ನು ನಾವು ಕಂಡೆವು. ದುಂಡು ರಂಧ್ರವಿಲ್ಲದ ಹೊಸ ಫೋನುಗಳಿಗೆ ಟೈಪ್-ಸಿ ಪಿನ್ನಿನ ಮೈಕು ಬೇಕು.

ಮೈಕೇ ಇಲ್ಲದಿದ್ದರೂ ಉಪಾಯವಿದೆ. ಮನೆಯಲ್ಲಿರುವ ಎರಡನೇ ಫೋನಿನಲ್ಲಿ ಧ್ವನಿಮುದ್ರಣ ಚಾಲೂ ಮಾಡಿ, ಮಾತನಾಡುವವರ ಅಂಗಿಯ ಜೇಬಿನಲ್ಲಿಡಿ. ಆರಂಭದಲ್ಲಿ ಒಮ್ಮೆ ಜೋರಾಗಿ ಚಪ್ಪಾಳೆ ತಟ್ಟಿ. ಆಮೇಲೆ ಚಿತ್ರದ ಚಪ್ಪಾಳೆಗೂ ಧ್ವನಿಯ ಚಪ್ಪಾಳೆಗೂ ಜೋಡಿಸಿದರೆ ತುಟಿಗೂ ಮಾತಿಗೂ ತಾಳೆಯಾಗುತ್ತದೆ.

ಚಿಂತಾಮಣಿಯ ಮಂಡಿಯಲ್ಲಿ

ಚಿಂತಾಮಣಿಯ ಟೊಮೆಟೊ ಮಂಡಿಯಲ್ಲಿ ದಿನದ ಧಾರಣೆಯನ್ನು ಫೋನಿನಲ್ಲಿ ಹಿಡಿದು ಊರವರಿಗೆ ಕಳಿಸುವ ಯುವಕನೊಬ್ಬ ತನ್ನ ತೊಂದರೆಯನ್ನು ತೋರಿಸಿದ. ದೀಪದ ಬೆಳಕಿನಲ್ಲಿ ತೆಗೆದ ಚಿತ್ರದ ಮೇಲೆ ಕಪ್ಪು ಪಟ್ಟೆಗಳು ಓಡುತ್ತಿದ್ದವು. ಫೋನು ಕೆಟ್ಟಿದೆಯೆಂದು ಹೊಸದು ಕೊಳ್ಳಲು ಹೊರಟಿದ್ದ. ದೋಷ ಫೋನಿನದಲ್ಲ. ನಮ್ಮ ವಿದ್ಯುತ್ತು ಸೆಕೆಂಡಿಗೆ 50 ಆವರ್ತದ್ದು. ಟ್ಯೂಬ್‌ಲೈಟು ಮತ್ತು ಅಗ್ಗದ ಎಲ್‌ಇಡಿ ದೀಪಗಳು ಸೆಕೆಂಡಿಗೆ ನೂರು ಬಾರಿ ಮಿನುಗುತ್ತವೆ. ಕಣ್ಣಿಗೆ ಕಾಣದು, ಕ್ಯಾಮೆರಾಕ್ಕೆ ಕಾಣುತ್ತದೆ. ಶಟರನ್ನು 1/50 ಅಥವಾ 1/100ಕ್ಕೆ ನಿಲ್ಲಿಸಿದರೆ, ಸಾಧ್ಯವಿದ್ದಲ್ಲಿ ಸೆಕೆಂಡಿಗೆ 25 ಚಿತ್ರವೆಂದು ಆರಿಸಿದರೆ, ಪಟ್ಟೆಗಳು ಬಹುಮಟ್ಟಿಗೆ ಮಾಯವಾಗುತ್ತವೆ. ಫೋನಿನಲ್ಲಿ ಆ ಸೌಲಭ್ಯವಿಲ್ಲದಿದ್ದರೆ ಅದನ್ನು ಕೊಡುವ ಆಪ್‌ಗಳು ಸಿಗುತ್ತವೆ. ಅಡಿಕೆ ಸುಲಿಯುವ ಕೊಟ್ಟಿಗೆಯಲ್ಲಿ, ಕಾಫಿ ಗೋದಾಮಿನಲ್ಲಿ ಚಿತ್ರಿಸುವವರು ಇದನ್ನು ಗಮನಿಸಬೇಕು.

4ಕೆ ಎಂಬ ಮಾತಿಗೂ ಮರುಳಾಗಬೇಕಿಲ್ಲ. ಸಾಮಾನ್ಯ 1080 ಅಳತೆಯ ಒಂದು ನಿಮಿಷದ ವಿಡಿಯೋ ಸುಮಾರು 100ರಿಂದ 150 ಎಂಬಿ ಜಾಗ ಹಿಡಿದರೆ, 4ಕೆ ಅದರ ಮೂರು ಪಟ್ಟು ಹಿಡಿಯಬಹುದು. ಸಿಗ್ನಲ್ಲಿಗಾಗಿ ಗುಡ್ಡ ಹತ್ತಬೇಕಾದ ನಮ್ಮ ಊರುಗಳಲ್ಲಿ ಅದನ್ನು ಕಳಿಸುವುದೆಂತು? ನೋಡುವವರೂ ಫೋನಿನಲ್ಲೇ ನೋಡುವವರು.

ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರ

ಚಿಕ್ಕಬಳ್ಳಾಪುರದ ದ್ರಾಕ್ಷಿ ಚಪ್ಪರದ ಕೆಳಗೆ ನಿಂತಾಗ ನಮಗೆ ನಮ್ಮ ತೋಟದ ನೆನಪೇ ಬಂತು. ಮೇಲೆ ಎಲೆ, ಕೆಳಗೆ ನೆರಳು, ನಡುನಡುವೆ ಬಿಸಿಲಿನ ಚುಕ್ಕೆ. ಕ್ಯಾಮೆರಾ ಒಮ್ಮೆ ಬಿಸಿಲಿಗೆ, ಒಮ್ಮೆ ನೆರಳಿಗೆ ಹೊಂದಿಕೊಳ್ಳಲು ಹೋಗಿ ಚಿತ್ರ ಬೆಳಗುತ್ತ ಮಂಕಾಗುತ್ತ ಇರುತ್ತದೆ. ಅಲ್ಲಿನ ರೈತರು ಮಾಡುವ ಉಪಾಯ ಸರಳ. ಮುಖದ ಮೇಲೆ, ಅಥವಾ ತೋರಿಸಬೇಕಾದ ಗೊಂಚಲಿನ ಮೇಲೆ, ಪರದೆಯನ್ನು ಬೆರಳಿನಿಂದ ಒತ್ತಿ ಹಿಡಿದರೆ ಬಹುತೇಕ ಫೋನುಗಳಲ್ಲಿ ಬೆಳಕಿನ ಅಳತೆ ಅಲ್ಲಿಗೇ ನಿಲ್ಲುತ್ತದೆ. ನೆತ್ತಿಯ ಬಿಸಿಲಿನಲ್ಲಿ ಚಿತ್ರಿಸದೆ, ಬೆಳಿಗ್ಗೆ ಒಂಬತ್ತರೊಳಗೆ ಇಲ್ಲವೆ ಸಂಜೆ ನಾಲ್ಕರ ಮೇಲೆ ಚಿತ್ರಿಸುತ್ತಾರೆ. ಮುಖ ಕಪ್ಪಾದರೆ ಎದುರಿಗೊಬ್ಬರು ಬಿಳಿ ಪಂಚೆ ಹಿಡಿದು ನಿಲ್ಲುತ್ತಾರೆ. ಬೆಳಕು ಅದರಿಂದ ಮುಖಕ್ಕೆ ಮರಳುತ್ತದೆ.

ಮೂರು ಕಾಲಿನ ಸ್ಟ್ಯಾಂಡು ಇದ್ದರೆ ಒಳ್ಳೆಯದು. ಇಲ್ಲದವರು ಒಂದು ಬಟ್ಟೆ ಚೀಲಕ್ಕೆ ಕಾಫಿ ಬೀಜ ಅರ್ಧ ತುಂಬಿ, ಬೇಲಿಕಲ್ಲಿನ ಮೇಲಿಟ್ಟು, ಅದರಲ್ಲಿ ಫೋನನ್ನು ಹುದುಗಿಸಬಹುದು. ಬೆರಳಿನಿಂದ ಎಳೆದು ಚಿತ್ರ ಹಿಗ್ಗಿಸಬೇಡಿ, ಹತ್ತಿರ ಹೋಗಿ. ಗಾಜನ್ನು ಒರೆಸಿಕೊಳ್ಳಿ. ಕರೆ ಬಂದು ನಡುವೆ ತುಂಡಾಗದಂತೆ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ.

ಡ್ರೋನ್ ಬಗ್ಗೆ ಒಂದು ಮಾತು. ಮೇಲಿನಿಂದ ತೋಟ ತೋರಿಸುವ ಆಸೆ ಎಲ್ಲರಿಗೂ ಇದೆ. ಆದರೆ 2021ರ ಡ್ರೋನ್ ನಿಯಮಗಳ ಪ್ರಕಾರ ಆಕಾಶವನ್ನು ಕೆಂಪು, ಹಳದಿ, ಹಸಿರು ವಲಯಗಳಾಗಿ ವಿಂಗಡಿಸಲಾಗಿದೆ. ವಿಮಾನ ನಿಲ್ದಾಣದ ಆಸುಪಾಸಿನಲ್ಲಿ ಅನುಮತಿಯಿಲ್ಲದೆ ಹಾರಿಸುವಂತಿಲ್ಲ. ದೇವನಹಳ್ಳಿಯ ನಿಲ್ದಾಣದ ಕಡೆಯವರು ಸರ್ಕಾರಿ ನಕ್ಷೆ ನೋಡದೆ ಡ್ರೋನಿಗೆ ಕೈ ಹಾಕಬಾರದು. ನಮ್ಮ ತೋಟಗಳಲ್ಲಂತೂ ಅಡಿಕೆಯ ಗರಿಗೆ ಸಿಕ್ಕಿ ಬೀಳುವುದೇ ಹೆಚ್ಚು.

ಮಲೆನಾಡಿನವರಿಗೆ ವಿಶೇಷ ಸೂಚನೆ: ಮಳೆಗಾಲದ ತೇವಕ್ಕೆ ಕ್ಯಾಮೆರಾದ ಗಾಜಿಗೆ ಬೂಷ್ಟು ಹಿಡಿಯುತ್ತದೆ. ಚರ್ಮದ ಚೀಲದಲ್ಲಿ ಇಡಬೇಡಿ. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣಗಳೊಡನೆ ಇಡಿ.

ಒಂದು ಮಾದರಿ

ಮೊದಲ ವಿಡಿಯೋಗೆ ಶೇಕಡ ಒಂದರ ಬೋರ್ಡೋ ದ್ರಾವಣವನ್ನೇ ಆರಿಸಿಕೊಳ್ಳಬಹುದು. ಐದು ದೃಶ್ಯಗಳು ಸಾಕು. ಒಂದು, ನಿಮ್ಮ ಹೆಸರು, ಊರು. ಎರಡು, 1 ಕಿಲೋ ಮೈಲುತುತ್ತವನ್ನು 50 ಲೀಟರ್ ನೀರಿನಲ್ಲಿ ಕರಗಿಸುವುದು; ಪಾತ್ರೆ ಪ್ಲಾಸ್ಟಿಕ್ಕಿನದೇ ಹೊರತು ಕಬ್ಬಿಣದ್ದಲ್ಲ. ಮೂರು, 1 ಕಿಲೋ ಸುಣ್ಣವನ್ನು ಬೇರೆ 50 ಲೀಟರ್ ನೀರಿನಲ್ಲಿ ಕದಡಿ ಸೋಸುವುದು. ನಾಲ್ಕು, ತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುವುದು. ಐದು, ಉಜ್ಜಿದ ಚಾಕುವನ್ನು ಅದ್ದಿ ನೋಡುವುದು; ಅಲಗಿಗೆ ಕೆಂಪು ಬಣ್ಣ ಕಟ್ಟಿದರೆ ಇನ್ನಷ್ಟು ಸುಣ್ಣ ಬೇಕು. ಪ್ರತಿಯೊಂದು ಅಂಕಿಯೂ ಪರದೆಯ ಮೇಲೆ ಬರಲಿ. ಹಾಕುವ ಮೊದಲು ಈ ಕೆಲಸ ಗೊತ್ತಿಲ್ಲದ ಒಬ್ಬರಿಗೆ ತೋರಿಸಿ, ಅವರ ಬಾಯಿಂದಲೇ ಅಳತೆಗಳನ್ನು ಹೇಳಿಸಿ. ಅವರು ತಪ್ಪಿದರೆ ತಪ್ಪು ನಿಮ್ಮ ವಿಡಿಯೋದ್ದು.

ವಿಡಿಯೋದಿಂದ ಬರುವ ಆದಾಯದ ಲೆಕ್ಕವನ್ನು ತೋಟದ ಲೆಕ್ಕಕ್ಕೆ ಸೇರಿಸಬೇಡಿ. ಜಾಹೀರಾತಿನ ಪಾಲು ಸಿಗಲು ಯೂಟ್ಯೂಬ್ 2018ರಲ್ಲಿ ಗೊತ್ತುಮಾಡಿದ ಮಿತಿ ಸಾವಿರ ಚಂದಾದಾರರು ಮತ್ತು ವರ್ಷದಲ್ಲಿ ನಾಲ್ಕು ಸಾವಿರ ಗಂಟೆಗಳ ವೀಕ್ಷಣೆ. ಅದನ್ನು ಮುಟ್ಟಲು ಹಲವರಿಗೆ ವರ್ಷಗಳೇ ಹಿಡಿಯುತ್ತವೆ. ಅಡಿಕೆ ಮರಕ್ಕೆ ಗೊಬ್ಬರ ಅಷ್ಟು ಕಾಯುವುದಿಲ್ಲ.

ಊರಿಗೆ ಮರಳಿದ ಮೇಲೆ ಆ ಸದಸ್ಯರಿಗೆ ನಾವು ಹೇಳಿ ಕಳಿಸಿದ್ದು ಇದು: ಗೊಬ್ಬರದ ಹಣ ಗೊಬ್ಬರಕ್ಕೇ ಇರಲಿ. ಮಗನಿಗೆ ಒಂದು ಕೊರಳ ಮೈಕು ಮತ್ತು ಸಾಧಾರಣ ಸ್ಟ್ಯಾಂಡು ಕೊಡಿಸಿ; ಕ್ಯಾಮೆರಾ ಅವನ ಜೇಬಿನಲ್ಲೇ ಇದೆ. ಅದರಲ್ಲಿ ಹತ್ತು ವಿಡಿಯೋ ಮಾಡಿ, ಹತ್ತು ಜನ ಅದನ್ನು ನೋಡಿ ಕೆಲಸ ಕಲಿತರೆ, ಆಗ ದೊಡ್ಡ ಕ್ಯಾಮೆರಾದ ಮಾತು.

ಹೋದ ವಾರ ಆ ಹುಡುಗ ಮೊದಲ ವಿಡಿಯೋ ತಂದು ನಮಗೆ ತೋರಿಸಿದ. ಬೋರ್ಡೋ ದ್ರಾವಣದ್ದೇ. ಚಿತ್ರ ಒಂದೆರಡು ಕಡೆ ಅಲುಗಿದೆ. ತಂದೆಯ ಮಾತು ಮಾತ್ರ ಮೊದಲಿಂದ ಕೊನೆಯವರೆಗೆ ಸ್ಪಷ್ಟವಾಗಿ ಕೇಳುತ್ತದೆ.