ಗುಡುಗುಡಿ ಪದಕ್ಕೆ ಗಿಟಾರು

ಹೋದ ಕಾರ್ತೀಕದಲ್ಲಿ ಕಡ್ಲೇಕಾಯಿ ಕಿತ್ತು ಕಣದಲ್ಲಿ ರಾಶಿ ಹಾಕಿದ್ದೆವು. ಸಂಜೆ ಕಾಯಿ ಬಿಡಿಸಲು ಕೂತವರಲ್ಲಿ ನನ್ನ ತಮ್ಮನ ಮಗನೂ ಒಬ್ಬ. ಬೆಂಗಳೂರಿನಲ್ಲಿ ಕೆಲಸ, ಹಬ್ಬಕ್ಕೆಂದು ಮಡಕಶಿರಾ ಬಸ್ಸು ಹಿಡಿದು ಬಂದಿದ್ದ. ಮೊಬೈಲನ್ನು ಹಿತ್ತಾಳೆ ಚೊಂಬಿನೊಳಗೆ ಇಟ್ಟು ಹಾಡು ಹಾಕಿದ. ಚೊಂಬಿನಲ್ಲಿಟ್ಟರೆ ಸದ್ದು ಜೋರಾಗುತ್ತದಂತೆ, ಇದೂ ಒಂದು ಹೊಸ ವಿದ್ಯೆ. ಗಿಟಾರು, ಡ್ರಮ್ಮು, ಏನೇನೋ ಗದ್ದಲ. ಆಮೇಲೆ ಮಾತು ಕಿವಿಗೆ ಬಿತ್ತು, ಕೈ ನಿಂತಿತು. ಅದು ಶಿಶುನಾಳ ಶರೀಫರ ಗುಡುಗುಡಿ ಪದ!

“ಇಂಥಾ ಪದಾನ ಹಿಂಗಾ ಕೆಡಿಸೋದು!” ಅಂದೆ.

“ಕೆಡಿಸಿಲ್ಲ ದೊಡ್ಡಪ್ಪ, ಪೂರ್ತಿ ಕೇಳಿ ಆಮೇಲೆ ಬೈಯಿ” ಅಂದ.

ಅವನು ಹಾಕಿದ್ದು ‘ರಘು ದೀಕ್ಷಿತ್ ಪ್ರಾಜೆಕ್ಟ್’ ಎಂಬ ತಂಡದ ಮೊದಲ ಆಲ್ಬಂ. 2008ರಲ್ಲಿ ಬಂದದ್ದು, ನಮ್ಮ ಕಣಕ್ಕೆ ಬರಲು ಇಷ್ಟು ವರ್ಷ ಹಿಡಿಯಿತು. ಹಿಂದಿ ಸಿನಿಮಾದ ಸಂಗೀತಗಾರರಾದ ವಿಶಾಲ್–ಶೇಖರ್ ಅದನ್ನು ಹೊರತಂದರು. ಹಿಂದಿ ಹಾಡುಗಳ ಪಕ್ಕದಲ್ಲೇ ಶರೀಫಜ್ಜನನ್ನೂ ಕೂರಿಸಿದ್ದಾರೆ. ಹಾಡಿದಾತ ಮೈಸೂರಿನಲ್ಲಿ ಬೆಳೆದವರು, ಓದಿದ್ದು ಸೂಕ್ಷ್ಮಾಣುಜೀವಿ ಶಾಸ್ತ್ರ, ಕಲಿತದ್ದು ಭರತನಾಟ್ಯ. ಲುಂಗಿ ಉಟ್ಟು, ಕಾಲಿಗೆ ಗೆಜ್ಜೆ ಕಟ್ಟಿ ಹಾಡುತ್ತಾರೆ. 2010ರಲ್ಲಿ ಬಿಬಿಸಿಯ ಜೂಲ್ಸ್ ಹಾಲೆಂಡ್ ಕಾರ್ಯಕ್ರಮದಲ್ಲಿ ಹಾಡಿದರು, ಮರುವರ್ಷ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವದಲ್ಲಿ. 2013ರ ಎರಡನೇ ಆಲ್ಬಂ ‘ಜಗ್ ಚಂಗಾ’ದಲ್ಲಿಯೂ ಶರೀಫರನ್ನು ಬಿಡಲಿಲ್ಲ, ‘ಲೋಕದ ಕಾಳಜಿ’ ಅದರಲ್ಲಿದೆ.

ಪೂರ್ತಿ ಕೇಳಿದೆ. ಮಾತು ಕೆಟ್ಟಿಲ್ಲ, ನಿಜ. ದನಿ ತೆರೆದ ದನಿ, ಕಣದಲ್ಲಿ ಕೂಗಿ ಹಾಡಿದ ಹಾಗಿದೆ. ನನ್ನ ತಕರಾರು ಬೇರೆ. ನಮ್ಮ ಭಜನೆಯಲ್ಲಿ ಮುಂದಿನವನು ಒಂದು ಚರಣ ಹೇಳಿದರೆ ಹಿಂದಿನವರೆಲ್ಲ ಪಲ್ಲವಿ ಎತ್ತಿಕೊಳ್ಳಬೇಕು. ಅಷ್ಟರಲ್ಲಿ ಹೇಳಿದ ಮಾತು ಎದೆಗಿಳಿಯುತ್ತದೆ. ಪದ ಮುಗಿದ ಮೇಲೆ ಯಾರಾದರೂ ಹಿರಿಯರು “ಏನೋ ಅರ್ಥ ಇದರದು?” ಅಂತ ಕೇಳುತ್ತಿದ್ದರು. ಹೇಳದೆ ಹೋದರೆ ಮುಂದಿನ ಪದವಿಲ್ಲ. ಚೊಂಬಿನೊಳಗಿನ ಹಾಡು ಯಾರನ್ನೂ ಏನೂ ಕೇಳುವುದಿಲ್ಲ, ಮುಗಿದ ಕೂಡಲೆ ಇನ್ನೊಂದು ಶುರು.

ನನಗೂ ಆ ಪದ ಮೊದಲು ತಿಳಿದದ್ದು ತಪ್ಪಾಗಿಯೇ. ನಮ್ಮಪ್ಪ ಬೀಡಿ ಸೇದುತ್ತಲೇ ದಮ್ಮಡಿ ಬಡಿಯುತ್ತಿದ್ದ. ಹುಕ್ಕಾ ಸೇದು ಅಂತ ಸಂತರೇ ಹೇಳಿದಾರೆ, ಅಪ್ಪನದೇನು ತಪ್ಪು ಎಂದುಕೊಂಡಿದ್ದೆ. ಸುಡಬೇಕಾದ್ದು ತಂಬಾಕಲ್ಲ, ಒಳಗಿನ ಮೋಹ ಎಂದು ತಿಳಿಯುವ ಹೊತ್ತಿಗೆ ಎಸ್ಸೆಸ್ಸೆಲ್ಸಿ ಮುಗಿದಿತ್ತು.

ಇನ್ನೊಂದು ಮಾತನ್ನೂ ಒಪ್ಪಿಕೊಳ್ಳಬೇಕು. 1990ರಲ್ಲಿ ನಾಗಾಭರಣರ ‘ಸಂತ ಶಿಶುನಾಳ ಶರೀಫ’ ಸಿನಿಮಾ ಬಂತು. ಸಿ. ಅಶ್ವತ್ಥರ ಸಂಗೀತ. ಆ ಕ್ಯಾಸೆಟ್ಟನ್ನು ನಾವು ಹುಡುಗರು ಟೇಪು ಸುತ್ತಿಕೊಳ್ಳುವ ತನಕ ಕೇಳಿದೆವು. ಭಜನೆಯ ಹಿರಿಯರು ಮುಖ ಸಿಂಡರಿಸಿ, “ತತ್ವ ಹೋಗಿ ಸಿನಿಮಾ ಆಯ್ತು” ಅಂದಿದ್ದರು. ಆಗ ನಕ್ಕವನು ಈಗ ಅದೇ ಮುಖ ಮಾಡಿಕೊಂಡು ಕೂತಿದ್ದೇನೆ.

ಇಷ್ಟಕ್ಕೂ ಶರೀಫರು (1819–1889) ಒಂದು ಬೇಲಿಯೊಳಗೆ ನಿಂತವರೇ? ಮುಸಲ್ಮಾನರ ಮನೆಯಲ್ಲಿ ಹುಟ್ಟಿ, ಕಳಸದ ಗೋವಿಂದಭಟ್ಟರನ್ನು ಗುರು ಎಂದು ಹಿಡಿದವರು. ತೆಲುಗು ಬಲ್ಲ ನಮಗೆ ಇದು ಹೊಸದೇನಲ್ಲ. ಕಡಪ ಸೀಮೆಯ ಪೋತುಲೂರಿ ವೀರಬ್ರಹ್ಮೇಂದ್ರ ಸ್ವಾಮಿಗಳ ಶಿಷ್ಯ ಸಿದ್ದಯ್ಯ ದೂದೇಕುಲ ಮುಸಲ್ಮಾನ. ನಮ್ಮೂರ ಭಜನೆಯಲ್ಲಿ ಒಂದು ಬ್ರಹ್ಮಂಗಾರಿ ತತ್ವ ಆದರೆ ಒಂದು ಶರೀಫರ ಪದ. ಅದು ಕನ್ನಡ, ಇದು ತೆಲುಗು ಎಂದು ಯಾರೂ ಲೆಕ್ಕ ಇಡಲಿಲ್ಲ. ಸೋರುವ ಮಾಳಿಗೆಯ ಪದಕ್ಕಂತೂ ಅರ್ಥ ಬಿಡಿಸಬೇಕಾಗಿಯೇ ಇರಲಿಲ್ಲ. ಮಳೆಗಾಲಕ್ಕೆ ಮುಂಚೆ ಮಾಳಿಗೆಗೆ ಚೌಳು ಮಣ್ಣು ಹೊತ್ತವರೇ ಎಲ್ಲ.

ಆ ಭಜನೆ ನಿಂತು ಆರು ವರ್ಷವಾಯಿತು. ತಾಳ, ದಮ್ಮಡಿ ಗುಡಿಯ ಅಟ್ಟದ ಮೇಲಿವೆ. ಹಾಡುವ ಹುಡುಗರೆಲ್ಲ ಹಿಂದೂಪುರ, ಬೆಂಗಳೂರು ಸೇರಿಕೊಂಡರು.

ಹಾಡು ಮುಗಿದ ಮೇಲೆ ಹಳೇ ಅಭ್ಯಾಸದಂತೆ ಕೇಳಿದೆ, “ಏನೋ ಅರ್ಥ ಇದರದು?” ಹುಡುಗ ತಲೆ ಕೆರೆದುಕೊಂಡ. ಹೇಳಿದೆ. ಕಾಯಿ ಬಿಡಿಸುತ್ತಿದ್ದ ಹೆಂಗಸರೂ ಕೇಳಿಸಿಕೊಂಡರು. ಇನ್ನೊಂದು ಸಲ ಹಾಕಿಸಿದರು. ಸ್ವಲ್ಪ ಹೊತ್ತಿಗೆ ಅವನೇ ಕೇಳಿದ, “ಶರೀಫರ ಪದ ಆದ್ರೆ ಫೋನಲ್ಲಾದ್ರೂ ಐತೆ. ನಮ್ಮೂರಲ್ಲಿ ಹಾಡ್ತಿದ್ದ ತೆಲುಗು ತತ್ವಗಳು ಯಾರಿಗೆ ಬತ್ತವೆ ದೊಡ್ಡಪ್ಪ?”

ಬರುವುದು ಒಬ್ಬರಿಗೆ. ಎಂಬತ್ತು ದಾಟಿದ ತಾತ, ಊರ ಕೊನೆಯ ಮನೆ. ಬೆಳಿಗ್ಗೆ ಇಬ್ಬರೂ ಹೋದೆವು. ಹುಡುಗ ಮೊಬೈಲು ಎದುರಿಗಿಟ್ಟ. ತಾತ ಗಂಟಲು ಸರಿಮಾಡಿಕೊಂಡು ಎರಡು ಚರಣ ಚೊಕ್ಕವಾಗಿ ಹಾಡಿದರು. ಮೂರನೆಯದು ನಾಲಿಗೆಗೆ ಬರಲಿಲ್ಲ. ತೊಡೆ ತಟ್ಟಿ ತಾಳ ಹಾಕುತ್ತಾ ಹುಡುಕಿದರು. ನಾವು ಉಸಿರು ಬಿಗಿಹಿಡಿದು ಕೂತೆವು.

“ರೇಪು ರಾಂಡ್ರಾ” ಅಂದರು.

ಹುಡುಗ ಅವತ್ತು ಸಂಜೆಯ ಬಸ್ಸಿಗೆ ಹೊರಟ. ಮೊಬೈಲಿನಲ್ಲಿ ಹಾಡು ಹಿಡಿಯುವುದು ಹೇಗೆಂದು ಬಸ್‌ಸ್ಟ್ಯಾಂಡಿನಲ್ಲಿ ನಿಂತೇ ನನಗೆ ತೋರಿಸಿಕೊಟ್ಟ. ಮಾರನೆಯ ದಿನ ಕಣದ ಕೆಲಸ ಹೆಂಗಸರಿಗೆ ಒಪ್ಪಿಸಿ ತಾತನ ಮನೆಗೆ ಹೋದೆ.