ತೀರ್ಪಿನ ಆಚೆಯ ಸಾಕ್ಷಿ

1939ನೆಯ ಇಸವಿಯಲ್ಲಿ, ಒಂದರ ಸುಳಿವು ಇನ್ನೊಂದಕ್ಕೆ ಇಲ್ಲದೆಯೇ, ಜಗತ್ತಿನ ಎರಡು ಮೂಲೆಗಳಲ್ಲಿ ಎರಡು ಕೃತಿಗಳು ಬೆಳಕು ಕಂಡವು. ಒಂದು, ಲಾಸ್ ಏಂಜಲೀಸ್ ನಗರದ ಪಾಪಪುಣ್ಯಗಳನ್ನು ಫಿಲಿಪ್ ಮಾರ್ಲೋ ಎಂಬ ಖಾಸಗಿ ಪತ್ತೇದಾರನ ಬಾಯಿಂದ ಹೇಳಿಸಿದ ರೇಮಂಡ್ ಚಾಂಡ್ಲರನ ‘ದಿ ಬಿಗ್ ಸ್ಲೀಪ್’ ಕಾದಂಬರಿ; ಇನ್ನೊಂದು, ಪುಣೆಯ ಪ್ರಭಾತ ಚಿತ್ರಸಂಸ್ಥೆಗಾಗಿ ವಿ. ಶಾಂತಾರಾಮರು ನಿರ್ದೇಶಿಸಿದ, ಮರಾಠಿಯಲ್ಲಿ ‘ಮಾಣೂಸ್’ ಎಂದೂ ಹಿಂದಿಯಲ್ಲಿ ‘ಆದ್ಮಿ’ ಎಂದೂ ತೆರೆ ಕಂಡ ಚಲಚ್ಚಿತ್ರ. ಮೊದಲನೆಯದರಲ್ಲಿ ಧನಿಕರ ಗುಡ್ಡದ ಬಂಗಲೆಗೂ ಜೂಜುಗಾರರ ಅಡ್ಡೆಗೂ ನಡುವೆ ಮೋಟಾರು ಓಡಿಸುತ್ತ ಸತ್ಯವನ್ನು ಅರಸುವ ಏಕಾಕಿ ಪುರುಷನಿದ್ದಾನೆ. ಎರಡನೆಯದರಲ್ಲಿ, ರಾತ್ರಿ ಅಡ್ಡೆಯೊಂದರ ಮೇಲೆ ದಾಳಿಗೆ ಹೋಗಿ, ಅಲ್ಲಿ ಸಿಕ್ಕ ಹೆಣ್ಣೊಬ್ಬಳನ್ನು ಬಂಧನದಿಂದ ಪಾರುಮಾಡಿ, ಕಡೆಗೆ ಅವಳ ಪ್ರೇಮದಲ್ಲಿ ತಾನೇ ಬಂದಿಯಾಗುವ ಗಣಪತ್ ಎಂಬ ಪೊಲೀಸ್ ಪೇದೆ ಇದ್ದಾನೆ.

ಬೆಳಗಾವಿ ಗಡಿಸೀಮೆಯ ಚಿಕ್ಕೋಡಿ, ನಿಪ್ಪಾಣಿ, ರಾಯಬಾಗ, ಅಥಣಿ, ಕಾಗವಾಡಗಳ ಜನಕ್ಕೆ ಇವುಗಳಲ್ಲಿ ಎರಡನೆಯದು ಪರದೇಶದ ಸರಕಲ್ಲ. ಪ್ರಭಾತ ಸಂಸ್ಥೆ ಹುಟ್ಟಿದುದು 1929ರಲ್ಲಿ, ನಿಪ್ಪಾಣಿಗೆ ನಲವತ್ತು ಕಿಲೋಮೀಟರಿನ ಆಸುಪಾಸಿನಲ್ಲಿರುವ ಕೊಲ್ಹಾಪುರದಲ್ಲಿ. ಅದು ಪುಣೆಗೆ ಸ್ಥಳಾಂತರ ಹೊಂದಿದುದು 1933ರಲ್ಲಿ. ಮೈನಾ ಎಂಬ ಆ ಹೆಣ್ಣಿನ ಪಾತ್ರವನ್ನು ವಹಿಸಿದವರಾದರೋ ಹುಬ್ಬಳ್ಳಿಯ ಬಳಿಯ ಅದರಗುಂಚಿಯಲ್ಲಿ ಜನಿಸಿದ ಕನ್ನಡತಿ ಶಾಂತಾ ಹುಬಳೀಕರ. ಹಾಲಿವುಡ್ಡಿನ ಕರಾಳ ಮುಖವನ್ನೂ ಹಳೆಯ ಮೋಟಾರುಗಳ ಬೆಡಗನ್ನೂ ಬೆಸೆದು ಅಮೆರಿಕದವರು ಬೆಳೆಸಿದ ಕಠೋರ ಪತ್ತೇದಾರಿ ಸಾಹಿತ್ಯವನ್ನು ಓದಿ ಮೆಚ್ಚುವ ನಮ್ಮವರು, ಅದರ ಮೂಲದ್ರವ್ಯವೆಲ್ಲ ತಮ್ಮ ಗಡಿಸೀಮೆಯ ಇತಿಹಾಸದಲ್ಲಿಯೂ ಅದರ ನೆರೆಯಲ್ಲಿಯೂ ಹರಡಿಕೊಂಡಿರುವುದನ್ನು ಗಮನಿಸಿದಂತೆ ತೋರುವುದಿಲ್ಲ.

ಬಂಗಲೆಯಿಂದ ಬೀದಿಗೆ

ಕಾನನ್ ಡಾಯ್ಲನ ಷರ್ಲಾಕ್ ಹೋಮ್ಸನ ಕಾಲದ ಪತ್ತೇದಾರಿ ಕಥೆಗೆ ಒಂದು ದೃಢವಾದ ಶ್ರದ್ಧೆಯಿದ್ದಿತು: ಸಮಾಜವು ಮೂಲತಃ ಸ್ವಸ್ಥವಾದುದು, ಕೊಲೆಯೆಂಬುದು ಅದಕ್ಕೆ ಬಂದೊದಗಿದ ಅಪವಾದ, ಕೊಲೆಗಾರನನ್ನು ಹಿಡಿದೊಪ್ಪಿಸಿದ ಮರುಕ್ಷಣವೇ ಲೋಕವು ಮತ್ತೆ ತನ್ನ ನೆಲೆಗೆ ಬರುತ್ತದೆ ಎಂಬುದು. ಪಿಂಕರ್ಟನ್ ಎಂಬ ಖಾಸಗಿ ಪತ್ತೇದಾರಿ ಸಂಸ್ಥೆಯಲ್ಲಿ ದುಡಿದು ಬಂದ ಡ್ಯಾಶೀಲ್ ಹ್ಯಾಮೆಟನಿಗೆ ಈ ಶ್ರದ್ಧೆ ಉಳಿದಿರಲಿಲ್ಲ. ‘ಬ್ಲ್ಯಾಕ್ ಮಾಸ್ಕ್’ ಎಂಬ ಅಗ್ಗದ ಪತ್ರಿಕೆಗೆ ಬರೆಯತೊಡಗಿದ ಆತನು, 1929ರಲ್ಲಿ ಹೊರಬಂದ ‘ರೆಡ್ ಹಾರ್ವೆಸ್ಟ್’ ಕಾದಂಬರಿಯಲ್ಲಿ, ಗಣಿ ಕಾರ್ಮಿಕರ ಮುಷ್ಕರವನ್ನು ಮುರಿಯಲೆಂದು ಮಾಲೀಕನೇ ಕರೆಸಿದ ಗೂಂಡಾಗಳು ಕಡೆಗೆ ಇಡೀ ಊರನ್ನೇ ಆಕ್ರಮಿಸಿಕೊಂಡ ವೃತ್ತಾಂತವನ್ನು ಹೇಳಿದನು. ಅಲ್ಲಿ ಕೊಂದವನು ಯಾರೆಂಬ ಪ್ರಶ್ನೆಗೆ ಉತ್ತರ ಸುಲಭ; ಕೊಲ್ಲಿಸಿದವನು ಯಾಕೆ ಸುಖವಾಗಿದ್ದಾನೆ ಎಂಬ ಪ್ರಶ್ನೆಯೇ ಕಥೆಯ ಜೀವಾಳ.

ತೈಲ ಕಂಪನಿಯೊಂದರಲ್ಲಿ ದೊಡ್ಡ ಹುದ್ದೆಯಲ್ಲಿದ್ದು, 1932ರಲ್ಲಿ ಅದನ್ನು ಕಳೆದುಕೊಂಡ ಬಳಿಕ ನಡುವಯಸ್ಸಿನಲ್ಲಿ ಲೇಖನಿ ಹಿಡಿದ ಚಾಂಡ್ಲರನು ಈ ಪ್ರಶ್ನೆಗೆ ಒಂದು ವಾಹನವನ್ನು ಒದಗಿಸಿದನು. ಆ ಮಾತು ಅಕ್ಷರಶಃ ನಿಜ. ಲಾಸ್ ಏಂಜಲೀಸಿನಂಥ ಹಬ್ಬಿದ ನಗರದಲ್ಲಿ ಧನಿಕನ ಲೋಕವನ್ನೂ ದರಿದ್ರನ ಲೋಕವನ್ನೂ ಒಂದೇ ದಿನ ಕಾಣಬಲ್ಲವನು ಮೋಟಾರು ಉಳ್ಳವನು ಮಾತ್ರ. ಚಾಂಡ್ಲರನ ‘ದಿ ಲಾಂಗ್ ಗುಡ್‌ಬೈ’ ಆರಂಭವಾಗುವುದೇ ರೋಲ್ಸ್ ರಾಯ್ಸ್ ಸಿಲ್ವರ್ ರೇತ್ ಕಾರಿನೊಳಗೆ ಮದ್ಯದ ಮಂಪರಿನಲ್ಲಿ ಬಿದ್ದಿರುವ ಮನುಷ್ಯನೊಬ್ಬನಿಂದ. ‘ದಿ ಬಿಗ್ ಸ್ಲೀಪ್’ನಲ್ಲಿ ಶ್ರೀಮಂತ ಮನೆತನವೊಂದರ ಬ್ಯೂಕ್ ಮೋಟಾರನ್ನು ಸಮುದ್ರದಿಂದ ಮೇಲೆತ್ತುವಾಗ ಅದರೊಳಗೆ ಚಾಲಕನ ಶವವಿರುತ್ತದೆ, ಆತನನ್ನು ಕೊಂದವರು ಯಾರೆಂಬುದು ಕಾದಂಬರಿ ಮುಗಿದರೂ ಇತ್ಯರ್ಥವಾಗುವುದಿಲ್ಲ. ಅದನ್ನು ಚಿತ್ರವಾಗಿಸಿದ ಹೊವಾರ್ಡ್ ಹಾಕ್ಸ್ ಈ ಸಂದೇಹವನ್ನು ಕೇಳಿದಾಗ ತನಗೂ ಗೊತ್ತಿಲ್ಲವೆಂದು ಚಾಂಡ್ಲರ್ ಉತ್ತರಿಸಿದನೆಂಬ ಪ್ರತೀತಿಯನ್ನು ಎಲ್ಲರೂ ನಗುತ್ತ ಹೇಳುವುದುಂಟು. ಒಡೆಯರ ಮಗಳ ಮಾನ ಕಾಯಲು ಮುನ್ನೂರು ಪುಟ ಬೇಕಾದಲ್ಲಿ, ಆಳುಮಗನೊಬ್ಬನ ಸಾವಿಗೆ ಒಂದು ಸಾಲಿನ ಸಮಾಧಾನವೂ ಉಳಿಯದೆಹೋದುದು ನಗೆಯ ವಿಷಯವೆಂದು ನನಗೆ ಅನ್ನಿಸುವುದಿಲ್ಲ.

ಹಾಲಿವುಡ್ಡು ಇಂಥ ಕಥೆಗಳಿಗೆ ಕಚ್ಚಾಸಾಮಗ್ರಿಯನ್ನು ಧಾರಾಳವಾಗಿ ಪೂರೈಸಿತು. 1935ರ ಡಿಸೆಂಬರಿನಲ್ಲಿ ನಟಿ ಥೆಲ್ಮಾ ಟಾಡ್ ಗ್ಯಾರೇಜಿನೊಳಗೆ ತನ್ನ ಲಿಂಕನ್ ಕಾರಿನ ಆಸನದಲ್ಲಿ ಹೆಣವಾಗಿ ದೊರೆತಳು. ಎಂಜಿನಿನ ವಿಷಾನಿಲದಿಂದ ಬಂದ ಮರಣವೆಂದು ವೈದ್ಯರು ಹೇಳಿದರೂ ಸಂದೇಹಗಳು ಅಂದಿನಿಂದ ಇಂದಿನವರೆಗೆ ತೀರಿಲ್ಲ. ಚಾಂಡ್ಲರನೂ ಆ ಪಟ್ಟಣದ ಅನ್ನ ಉಂಡವನೇ. ಬಿಲ್ಲಿ ವೈಲ್ಡರನೊಡನೆ 1944ರ ‘ಡಬಲ್ ಇಂಡೆಮ್ನಿಟಿ’ ಚಿತ್ರಕಥೆಯನ್ನು ಬರೆದವನು, 1949ರ ‘ದಿ ಲಿಟಲ್ ಸಿಸ್ಟರ್’ ಕಾದಂಬರಿಯಲ್ಲಿ ಚಿತ್ರನಗರಿಯ ಹೊಲಸನ್ನು ಹರಾಜಿಗಿಟ್ಟನು.

ಖಾಲಸಾ ಮತ್ತು ಸಂಸ್ಥಾನ

ಇದೆಲ್ಲ ಅಮೆರಿಕಕ್ಕೆ ಮೀಸಲೆಂದು ಭಾವಿಸುವವರು ಮುಂಬಯಿಯ ಬಾವ್ಲಾ ಕೊಲೆ ಮೊಕದ್ದಮೆಯನ್ನು ನೆನೆಯಬೇಕು. ಬೆಳಗಾವಿಯಲ್ಲಿ ಗಾಂಧೀಜಿಯವರ ಅಧ್ಯಕ್ಷತೆಯ ಕಾಂಗ್ರೆಸ್ ಅಧಿವೇಶನ ಮುಗಿದು ಮೂರು ವಾರವೂ ಆಗಿರಲಿಲ್ಲ. 1925ರ ಜನವರಿ 12ರ ಸಂಜೆ, ನಮ್ಮ ಜಿಲ್ಲೆಯೂ ಸೇರಿದ್ದ ಪ್ರಾಂತದ ರಾಜಧಾನಿಯಾದ ಮುಂಬಯಿಯ ಮಲಬಾರ್ ಹಿಲ್ಲಿನಲ್ಲಿ, ಅಬ್ದುಲ್ ಕಾದಿರ್ ಬಾವ್ಲಾ ಎಂಬ ತರುಣ ವರ್ತಕನೂ ಮುಮ್ತಾಜ್ ಬೇಗಂ ಎಂಬ ನರ್ತಕಿಯೂ ಕುಳಿತಿದ್ದ ಮೋಟಾರಿಗೆ ಇನ್ನೊಂದು ಮೋಟಾರು ಬಂದು ತಾಗಿತು. ಇಳಿದವರು ಬಾವ್ಲಾನನ್ನು ಗುಂಡಿಟ್ಟು ಕೊಂದರು. ಮುಮ್ತಾಜಳ ಮುಖವನ್ನು ಚೂರಿಯಿಂದ ಇರಿದು ಎಳೆದೊಯ್ಯಲೆಳಸಿದರು. ಗಾಲ್ಫ್ ಆಟ ಮುಗಿಸಿ ಅದೇ ದಾರಿಯಲ್ಲಿ ಮರಳುತ್ತಿದ್ದ ಬ್ರಿಟಿಷ್ ಸೈನ್ಯಾಧಿಕಾರಿಗಳು ಗಾಲ್ಫ್ ಕೋಲನ್ನೇ ಆಯುಧ ಮಾಡಿಕೊಂಡು ಅಡ್ಡ ಬಾರದಿದ್ದರೆ ಅವಳ ಸೊಲ್ಲೇ ಅಡಗುತ್ತಿತ್ತು.

ಮುಮ್ತಾಜಳು ಇಂದೂರಿನ ಮಹಾರಾಜ ತುಕೋಜಿರಾವ್ ಹೋಳ್ಕರರ ಅಂತಃಪುರದಿಂದ ತಪ್ಪಿಸಿಕೊಂಡು ಬಂದವಳು. ಸಿಕ್ಕಿಬಿದ್ದವರು ಇಂದೂರು ಸಂಸ್ಥಾನದ ಸಂಬಂಧದವರು. ಆರೋಪಿಗಳಲ್ಲಿ ಒಬ್ಬನ ಪರವಾಗಿ ವಾದಿಸಿದವರು ಮುಹಮ್ಮದಲಿ ಜಿನ್ನಾ. ಕೆಲವರಿಗೆ ಮರಣದಂಡನೆಯೂ ಕೆಲವರಿಗೆ ಕರಿನೀರೂ ಆಯಿತು. ಮಹಾರಾಜರಿಗೆ ಮಾತ್ರ ವಿಚಾರಣಾ ಆಯೋಗವನ್ನು ಎದುರಿಸುವುದು ಇಲ್ಲವೆ ಗದ್ದುಗೆ ಬಿಡುವುದು ಎಂಬ ಎರಡು ದಾರಿಗಳಿದ್ದವು. ಅವರು 1926ರಲ್ಲಿ ಗದ್ದುಗೆಯನ್ನು ಮಗನಿಗೊಪ್ಪಿಸಿದರು. ಎರಡು ವರ್ಷದ ಬಳಿಕ ಅಮೆರಿಕದ ಕನ್ಯೆಯೊಬ್ಬಳನ್ನು ವರಿಸಿದರು. ಹೋಮಿ ಮಾಸ್ಟರ್ ಎಂಬ ನಿರ್ದೇಶಕ ಈ ಪ್ರಕರಣದ ಮೇಲೆ ‘ಕುಲೀನ್ ಕಾಂತಾ’ ಎಂಬ ಮೂಕಿಚಿತ್ರವನ್ನು ಅದೇ 1925ರಲ್ಲಿ ತೆರೆಗೆ ತಂದನು.

ಖಾಲಸಾ ಮುಲುಕಿನ, ಎಂದರೆ ಬ್ರಿಟಿಷರು ನೇರವಾಗಿ ಆಳುತ್ತಿದ್ದ ಪ್ರದೇಶದ, ಕಾನೂನು ಸಂಸ್ಥಾನದ ಹೆಬ್ಬಾಗಿಲಲ್ಲಿ ನಿಂತುಬಿಡುತ್ತದೆ ಎಂಬ ಸಂಗತಿಯನ್ನು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಾಗಿರಲಿಲ್ಲ. ಚಿಕ್ಕೋಡಿ, ಅಥಣಿಗಳು ಬ್ರಿಟಿಷ್ ಬೆಳಗಾವಿ ಜಿಲ್ಲೆಯಲ್ಲಿ, ಎರಡರ ನಡುವಿನ ರಾಯಬಾಗ ಕೊಲ್ಹಾಪುರ ಸಂಸ್ಥಾನದಲ್ಲಿ. ಒಂದು ದಿನದ ಬಂಡಿಪ್ರಯಾಣದಲ್ಲಿ ಎರಡು ಸರಕಾರಗಳು. ಇಂಥ ನೆಲದಲ್ಲಿ ನ್ಯಾಯಕ್ಕೂ ಮೇರೆಯುಂಟೆಂಬುದು ಜನರು ನಡೆದಾಡಿ ಕಲಿತ ಪಾಠ.

ಮೈನಾಳ ಬಾಳು

ಸಂಸ್ಥಾನದ ವೈಭವಕ್ಕೂ ಬೀದಿಯ ಬದುಕಿಗೂ ಇದ್ದ ಅಂತರವನ್ನು ಕೊಲ್ಹಾಪುರಕ್ಕೆ ಹೋಗಿಬರುವವರು ಕಣ್ಣಾರೆ ಕಾಣುತ್ತಿದ್ದರು. ರಾಜಾರಾಮ ಮಹಾರಾಜರ ಜರ್ಮನಿಯ ಮೇಬಾಖ್ ಮೋಟಾರು ಇಂದಿಗೂ ದಸರೆಯ ದಿನ ಜನರ ನಡುವೆ ಮೆರೆಯುತ್ತದೆ. ಅದೇ ಊರಿನಲ್ಲಿ ಬಾಬುರಾವ್ ಪೇಂಟರರು ತಮ್ಮ ಕ್ಯಾಮೆರಾವನ್ನು ತಾವೇ ಕಟ್ಟಿಕೊಂಡು ಮಹಾರಾಷ್ಟ್ರ ಫಿಲ್ಮ್ ಕಂಪನಿಯನ್ನು ಹೂಡಿದುದು, ಅಲ್ಲಿ ಪಳಗಿದ ಶಾಂತಾರಾಮ, ದಾಮ್ಲೆ, ಫತ್ತೇಲಾಲರು ಹೊರಬಂದು ಪ್ರಭಾತವನ್ನು ಸ್ಥಾಪಿಸಿದುದು. ಕನ್ನಡ ಸೀಮೆಯ ಗಾಯಕಿಯರೂ ನಟಿಯರೂ ಹೊಟ್ಟೆಪಾಡಿಗೂ ಕೀರ್ತಿಗೂ ಹಿಡಿದ ಹಾದಿ ಇದೇ ದಿಕ್ಕಿನದು. ಬೀಳಗಿಯ ಅಮೀರಬಾಯಿ ಕರ್ನಾಟಕಿಯವರು, ಜೇಬುಗಳ್ಳನನ್ನೇ ನಾಯಕನನ್ನಾಗಿಸಿದ 1943ರ ‘ಕಿಸ್ಮತ್’ ಚಿತ್ರದ ಗೀತೆಗಳಿಂದ ದೇಶಕ್ಕೆಲ್ಲ ಪರಿಚಿತರಾದರು. ನಟನಾಗಿದ್ದ ಪತಿಯಿಂದ ಅವರು ಪಟ್ಟ ಯಾತನೆ ಬೆಳ್ಳಿತೆರೆಯ ಹಿಂದೆಯೇ ಉಳಿಯಿತು. ರಹಮತ್ ತರೀಕೆರೆಯವರು ಅವರ ಜೀವನಚರಿತ್ರೆಯನ್ನು ಕನ್ನಡದಲ್ಲಿ ಬರೆದಿರುವುದು ನಮ್ಮ ಭಾಗ್ಯ.

‘ಮಾಣೂಸ್’ ಚಿತ್ರದ ಬಿಗಿ ಅದರ ಮಿತಭಾಷೆಯಲ್ಲಿದೆ. ಮೈನಾ ಗಿರಾಕಿಗಳ ಮುಂದೆ ಹಲವು ಭಾಷೆಗಳಲ್ಲಿ ಹಾಡಿ ನಗಿಸುತ್ತಾಳೆ. ನಗುವಿನ ಕೆಳಗೆ ಕಹಿಯಿದೆ. ಉದ್ಯಾನದಲ್ಲಿ ನಟನಟಿಯರು ಮರ ಸುತ್ತಿ ಪ್ರೇಮಗೀತೆ ಹಾಡುವ ಚಿತ್ರೀಕರಣವೊಂದನ್ನು ನಾಯಕನಾಯಿಕೆಯರು ಕಾಣುವಂತೆ ಮಾಡಿ, ಶಾಂತಾರಾಮರು ಅಂದಿನ ಬಾಂಬೆ ಟಾಕೀಸಿನ ಶೃಂಗಾರವನ್ನು ಲೇವಡಿ ಮಾಡಿದ್ದಾರೆ. ಸಿನಿಮಾ ತನ್ನ ಸುಳ್ಳನ್ನು ತಾನೇ ಬಯಲಿಗೆಳೆದ ಅಪೂರ್ವ ಸನ್ನಿವೇಶವದು. ಗಣಪತನ ತಾಯಿಯ ಸಾತ್ವಿಕತೆಯ ಮುಂದೆ ನಿಲ್ಲಲಾರದೆ ಹಿಂಜರಿಯುವ ಮೈನಾ, ಕಡೆಗೆ ತನ್ನನ್ನು ಪೀಡಿಸುತ್ತಿದ್ದ ಸೋದರಮಾವನನ್ನು ಕೊಂದು ಸೆರೆಮನೆ ಸೇರುತ್ತಾಳೆ; ಪೇದೆಯೇ ಬಿಡಿಸಲು ಬಂದರೂ ಒಲ್ಲೆನೆನ್ನುತ್ತಾಳೆ. ಶಿಕ್ಷೆಯಾದುದು ಅವಳಿಗೆ; ಅವಳನ್ನು ಆ ಕೋಣೆಗೆ ತಂದು ಕೂಡಿಸಿದ ಬೀದಿಗೆ ಯಾವ ಶಿಕ್ಷೆಯೂ ಇಲ್ಲ. ಹ್ಯಾಮೆಟ್, ಚಾಂಡ್ಲರರು ಮುಟ್ಟಿದ ನೆಲೆಯೇ ಇದು, ಪಿಸ್ತೂಲಿನ ಸದ್ದಿಲ್ಲದೆ ಮುಟ್ಟಿದ್ದು.

ಶಾಂತಾ ಹುಬಳೀಕರರು 1942ರಲ್ಲಿ ಗುಬ್ಬಿ ವೀರಣ್ಣನವರ ಕನ್ನಡ ಚಿತ್ರ ‘ಜೀವನ ನಾಟಕ’ದಲ್ಲಿಯೂ ನಟಿಸಿದರು. ಬಳಿಕ ಮರೆವು ಅವರನ್ನು ಮುಸುಕಿತು, ಮುಪ್ಪಿನ ದಿನಗಳು ವೃದ್ಧಾಶ್ರಮದಲ್ಲಿ ಕಳೆದವು, 1992ರಲ್ಲಿ ತೀರಿಕೊಂಡರು. ಆದರೆ ಹೋಗುವ ಮುನ್ನ, ತಮ್ಮನ್ನು ಪ್ರಸಿದ್ಧಿಗೆ ತಂದ ‘ಮಾಣೂಸ್’ ಚಿತ್ರದ ಹಾಡಿನ ಹೆಸರನ್ನೇ ಇಟ್ಟು ‘ಕಶಾಲಾ ಉದ್ಯಾಚೀ ಬಾತ’ ಎಂಬ ಆತ್ಮಕಥೆಯನ್ನು ಮರಾಠಿಯಲ್ಲಿ ಒಪ್ಪಿಸಿದ್ದರು.

ನಾವು ಓದಿದ ಪತ್ತೇದಾರರು

ಗಡಿಸೀಮೆಯ ಓದುಗರಿಗೆ ಪತ್ತೇದಾರಿ ಕಥೆಯ ಬರ ಎಂದೂ ಇರಲಿಲ್ಲ. ಮರಾಠಿ ಬಲ್ಲವರಿಗೆ ಸಾವಿರಕ್ಕೂ ಮಿಕ್ಕಿ ಪುಸ್ತಕ ಬರೆದ ಬಾಬುರಾವ್ ಅರ್ನಾಳಕರರ ಝುಂಜಾರನೂ ಕಾಳಾಪಹಾಡನೂ ಇದ್ದರು, ಕನ್ನಡಕ್ಕೆ ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನಿದ್ದನು. ಹೆಚ್ಚಿನ ಶಾಲಾ ವಿದ್ಯಾಭ್ಯಾಸವಿಲ್ಲದ ನರಸಿಂಹಯ್ಯನವರು ನೂರಾರು ಕಾದಂಬರಿಗಳಿಂದ ಎಷ್ಟೋ ಮಂದಿಗೆ ಓದಿನ ಚಟ ಹಿಡಿಸಿದರು. ಅವರ ಉಪಕಾರವನ್ನು ಸಾಹಿತ್ಯ ಚರಿತ್ರೆಕಾರರು ತಕ್ಕಷ್ಟು ಸ್ಮರಿಸಿಲ್ಲ. ಇಂದು ಗಡಿಯ ಚೌಕಗಳಲ್ಲಿ ಹಾರುವ ಕನ್ನಡದ ಹಳದಿ ಕೆಂಪು ಬಾವುಟವನ್ನು ರೂಪಿಸಿದ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ ಎಂಬುದು ಅನೇಕರಿಗೆ ಸೋಜಿಗವನ್ನುಂಟುಮಾಡೀತು. ಈ ಜನಪ್ರಿಯ ಕಥೆಗಳ ನಾಯಕರು ಬಹುಮಟ್ಟಿಗೆ ಹೋಮ್ಸನ ವಂಶದವರು, ಇಲ್ಲವೆ ದುಷ್ಟರನ್ನು ಸದೆಬಡಿಯುವ ವೀರರು; ಕಡೆಯ ಪುಟದಲ್ಲಿ ಕೈಕೋಳ ಬಿದ್ದರೆ ಲೋಕಕ್ಕೆ ಕ್ಷೇಮ. ಹೊಸದಾಗಿ ಸ್ವಾತಂತ್ರ್ಯ ಪಡೆದ ನಾಡು ತನ್ನ ಪೊಲೀಸು, ತನ್ನ ನ್ಯಾಯಾಲಯಗಳನ್ನು ನಂಬಬಯಸಿದುದು ಸಹಜವೇ ಆಗಿತ್ತು.

ತಂಬಾಕಿನ ಊರು

ಆದರೆ ಹ್ಯಾಮೆಟನ ಗಣಿಯೂರಿಗೆ ನಮ್ಮಲ್ಲಿ ಸಮಾನವಾದುದು ಯಾವುದೆಂದು ಕೇಳಿದರೆ ಬೆರಳು ನಿಪ್ಪಾಣಿಯ ಕಡೆಗೆ ತಿರುಗುತ್ತದೆ. ತಂಬಾಕು ಬೆಳೆಯುವವನು ಒಬ್ಬ, ಅದನ್ನು ಕುಟ್ಟಿ ಜರಡಿಯಾಡುವವಳು ಇನ್ನೊಬ್ಬಳು, ಬೆಲೆ ಕಟ್ಟುವವನು ಮತ್ತೊಬ್ಬ. 1981ರಲ್ಲಿ ಬೆಲೆಗಾಗಿ ತಂಬಾಕು ಬೆಳೆಗಾರರು ತವಂದಿ ಘಾಟಿನ ನೆರೆಯ ಈ ಊರಲ್ಲಿ ಪುಣೆ ಬೆಂಗಳೂರು ಹೆದ್ದಾರಿಯ ಮೇಲೆಯೇ ಠಾಣ್ಯ ಹೂಡಿ ಕುಳಿತರು. ಎರಡು ರಾಜ್ಯಗಳ ಮೋಟಾರುಗಳು ನಿಂತುಹೋದವು. ಏಪ್ರಿಲ್ 6ರಂದು ಗೋಲಿಬಾರಾಗಿ ಹಲವರು ಪ್ರಾಣ ತೆತ್ತರು. ಮರುವರ್ಷ, ‘ಯುಗಾಂತರ’ ಎಂಬ ಸ್ತ್ರೀವಾದಿ ಚಿತ್ರತಂಡ ಇಲ್ಲಿಯ ತಂಬಾಕು ಕಾರ್ಖಾನೆಗಳ ಹೆಂಗಸರ ಬಗ್ಗೆ ‘ತಂಬಾಖು ಚಾಕಿಲಾ ಊಬ ಆಲೀ’ ಎಂಬ ಸಾಕ್ಷ್ಯಚಿತ್ರವನ್ನು ತೆಗೆಯಿತು. ಅದರಲ್ಲಿ ಘಾಟು ತುಂಬಿದ ಗೋದಾಮುಗಳಲ್ಲಿ ದುಡಿಯುವ ಹೆಂಗಸರು ತಮ್ಮ ಕೂಲಿ, ಕೆಮ್ಮು, ಮುಕಾದಮನ ಕಾಟ, ತಾವು ಕಟ್ಟಿದ ಸಂಘ, ಹೂಡಿದ ಮುಷ್ಕರಗಳನ್ನು ಕ್ಯಾಮೆರಾದ ಮುಂದೆ ತಾವೇ ನುಡಿಯುತ್ತಾರೆ. ಅವರ ಪರವಾಗಿ ಮಾತಾಡಲು ನಡುವೆ ಯಾವ ಗಂಡಸೂ ಬೇಕಾಗಲಿಲ್ಲ.

ಈ ಎಳೆಗಳನ್ನು ಒಟ್ಟಿಗೆ ಹಿಡಿದು ನೋಡಿದರೆ ಒಂದು ವ್ಯತ್ಯಾಸ ಸ್ಪಷ್ಟವಾಗುತ್ತದೆ. ಅಮೆರಿಕದ ಕಠೋರ ಕಥೆಯಲ್ಲಿ ಸ್ತ್ರೀಯು ಒಂದೋ ಮೋಹಿಸಿ ಕೆಡಿಸುವವಳು, ಇಲ್ಲವೇ ಮೊದಲ ಅಧ್ಯಾಯದ ಹೆಣ. ಅವಳನ್ನು ಕುರಿತು ಹೇಳುವ ಹಕ್ಕು ಟೋಪಿ ಧರಿಸಿ ಮೋಟಾರು ನಡೆಸುವ ಪುರುಷನದು. ಥೆಲ್ಮಾ ಟಾಡಳ ಕಥೆಯನ್ನು ಎಲ್ಲರೂ ಹೇಳಿದರು, ಅವಳೊಬ್ಬಳನ್ನು ಬಿಟ್ಟು. ನಮ್ಮಲ್ಲಾದರೋ ಮುಮ್ತಾಜ್ ಬೇಗಂ ಗಾಯದ ಮುಖ ಹೊತ್ತು ನ್ಯಾಯಾಲಯದ ಕಟಕಟೆ ಹತ್ತಿ, ತನ್ನ ಹೆಣ್ಣುಕೂಸನ್ನು ದಾದಿಯರು ಕೊಂದರೆಂಬುದನ್ನೂ ಸೇರಿಸಿ ಅಂತಃಪುರದ ಸಂಗತಿಗಳನ್ನು ತಾನೇ ನುಡಿದಳು. ತೆರೆಯ ಮೇಲೆ ಮೌನವಾಗಿ ಸೆರೆಗೆ ನಡೆದ ಮೈನಾಳ ಪಾತ್ರಧಾರಿ ತನ್ನ ಬಾಳನ್ನು ತಾನೇ ಬರೆದಳು. ನಿಪ್ಪಾಣಿಯ ಕೂಲಿ ಹೆಂಗಸರು ತಮ್ಮ ಲೆಕ್ಕವನ್ನು ತಾವೇ ಒಪ್ಪಿಸಿದರು. ಆದುದರಿಂದ ಈ ಗಡಿಸೀಮೆಯಿಂದ ಕನ್ನಡದಲ್ಲಿ ಅಂಥ ಕಾದಂಬರಿಯೊಂದು ಹುಟ್ಟುವುದಾದರೆ, ಅದಕ್ಕೆ ಮಾರ್ಲೋವಿನ ಟೋಪಿಯನ್ನೂ ರೋಲ್ಸ್ ರಾಯ್ಸನ್ನೂ ಎರವಲು ತರುವ ಆವಶ್ಯಕತೆಯಿಲ್ಲ. ತೀರ್ಪು ಬಂದ ಮೇಲೂ ಸುಮ್ಮನಾಗದ ಸಾಕ್ಷಿಯೊಬ್ಬಳು ಇಲ್ಲಿ ಮೊದಲಿಂದಲೂ ಇದ್ದಾಳೆ. ಕಥನದ ಅಧಿಕಾರವನ್ನು ಪತ್ತೇದಾರನಿಂದ ತೆಗೆದು ಅವಳಿಗೆ ವಹಿಸಿಕೊಡುವ ಲೇಖಕರು ಬರಬೇಕಾಗಿದೆ, ಲೇಖಕಿಯೇ ಆದರೆ ಇನ್ನೂ ಒಳ್ಳೆಯದು.